ಎರಡು ಸಲ ತಟ್ಟಿ ಹತ್ತು ಎಣಿಸುವುದು

ಬಡಗಿಯ ಮನೆ ಯಾವುದು ಎಂದು ಆ ಬೀದಿಯಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಬೀದಿಯ ತುದಿಯಲ್ಲಿ ನಿಂತು ಕಿವಿ ಕೊಟ್ಟರೆ ಸಾಕು, ಎಲ್ಲಿಂದ ಹೆಚ್ಚು ಗದ್ದಲ ಬರುತ್ತದೋ ಅದೇ ಮನೆ. ಬಡಗಿ ಬಾಯಿ ತೆರೆದರೆ ಪಕ್ಕದ ಮನೆಯ ಬೆಕ್ಕು ಹಾಲು ಬಿಟ್ಟು ಓಡುತ್ತಿತ್ತು. ಅವನ ಹೆಂಡತಿ ಬಾಯಿ ತೆರೆದರೆ ಬಡಗಿಯೇ ಓಡುತ್ತಿದ್ದ. ಇನ್ನು ಅವನ ಅಕ್ಕ, ಬೀದಿಯವರೆಲ್ಲ ತುತ್ತೂರಿ ಎಂದು ಕರೆಯುತ್ತಿದ್ದ ಆಕೆ, ಒಂದು ಸಲ ಗಂಟಲು ಸರಿಮಾಡಿಕೊಂಡದ್ದಕ್ಕೆ ಎರಡು ಬೀದಿ ಆಚೆ ರೈಲು ಬಂತೆಂದು ಗೇಟು ಹಾಕಿಬಿಟ್ಟರಂತೆ. ತುತ್ತೂರಿಗೆ ಕಿವಿ ಸ್ವಲ್ಪ ಮಂದ. ತನಗೆ ಕೇಳಿಸದ್ದು ಲೋಕಕ್ಕೂ ಕೇಳಿಸುವುದಿಲ್ಲ ಎಂಬುದು ಆಕೆಯ ನಂಬಿಕೆ.

ಕೆಳಗೆ ಕಾರ್ಖಾನೆ, ಮೇಲೆ ಮನೆ. ಬಡಗಿ ಮಾಡುತ್ತಿದ್ದದ್ದು ಬಾಗಿಲು ಮಾತ್ರ. ಕುರ್ಚಿ ಮೇಜು ಕೇಳಿಕೊಂಡು ಬಂದವರನ್ನು ಬೈದು ಕಳಿಸುತ್ತಿದ್ದ. ಅರ್ಧ ಊರಿನ ಬಾಗಿಲುಗಳು ಅವನ ಕೈಯಲ್ಲಿ ಹುಟ್ಟಿದವು. ಆದರೆ ಅವನ ಮನೆಯೊಳಗಿನ ನಾಲ್ಕು ಬಾಗಿಲುಗಳಲ್ಲಿ ಒಂದಕ್ಕೂ ಒಳಗಡೆ ಚಿಲಕವಿರಲಿಲ್ಲ. ಬಚ್ಚಲಿಗೆ ಒಂದು ಕೊಕ್ಕೆ ಇತ್ತು, ಅದೂ ನೆಂಟರಿಗಾಗಿ. ಮನೆಯವರಿಂದ ಮನೆಯವರು ಏನನ್ನು ಬಚ್ಚಿಡಬೇಕು? ಅವರಲ್ಲಿ ಒಬ್ಬರಿಗೆ ಬಂದ ಕಾಗದವನ್ನು ಕೈಗೆ ಸಿಕ್ಕವರು ಒಡೆದು ಓದುತ್ತಿದ್ದರು. ಒಬ್ಬರ ಟವೆಲು ಮೂವರ ಮುಖ ಒರೆಸುತ್ತಿತ್ತು. ಒಬ್ಬ ಸೀನಿದರೆ ನಾಲ್ಕು ಜನ ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬಾಗಿಲು ತಟ್ಟುವವರು ಎಂದರೆ ಪೊಲೀಸರು, ಇಲ್ಲವೇ ಪೋಸ್ಟಿನವನು. ಮನೆಯವರು ಬಾಗಿಲು ತಳ್ಳುತ್ತಾರೆ, ಅಷ್ಟೇ.

ಇಂಥ ಮನೆಗೆ ಮಗ ಒಬ್ಬ ಹುಡುಗಿಯನ್ನು ಮದುವೆಯಾಗಿ ಕರೆತಂದ. ಮಗ ಲಾರಿ ಓಡಿಸುತ್ತಿದ್ದ. ವಾರಕ್ಕೆ ಐದು ದಿನ ದಾರಿಯಲ್ಲಿ. ಹುಡುಗಿ ಗಡಿಯಾಚೆಯವಳು, ಮಾತು ಬೇರೆ, ಬೆಳೆದ ರೀತಿ ಬೇರೆ. ಅವಳ ಕಸುಬು ಕೈಗಡಿಯಾರ ರಿಪೇರಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಹಿಡಿದು, ಉಸಿರು ಬಿಗಿಹಿಡಿದು ಕೂರುವ ಕೆಲಸ. ಅಂಥವಳನ್ನು ತಂದು ಈ ಮನೆಯಲ್ಲಿ ಕೂರಿಸಿದ್ದು ಸಂತೆಯ ನಡುವೆ ಮಗು ಮಲಗಿಸಿದ ಹಾಗೆ ಆಯಿತು.

ಅವಳ ಕಡೆಯವರ ಪದ್ಧತಿ ಬೇರೆ. ಅಲ್ಲಿ ಮನೆಯೊಳಗಿನ ಬಾಗಿಲನ್ನೂ ಎರಡು ಸಲ ತಟ್ಟುತ್ತಾರೆ. ಒಳಗಿನವರು ಬಾ ಎಂದರೆ ಒಳಗೆ. ಏನೂ ಅನ್ನದಿದ್ದರೆ ಬೇಡ ಎಂದು ಅರ್ಥ, ಸದ್ದಿಲ್ಲದೆ ಹೊರಟುಹೋಗಬೇಕು. ಹೆತ್ತ ತಾಯಿಯೂ ಮಗಳ ಬಾಗಿಲ ಮುಂದೆ ನಿಂತು ಕಾಯುತ್ತಾಳೆ. ಅವಳ ಅಪ್ಪ ತೀರಿಕೊಂಡು ಒಂದು ತಿಂಗಳಾದರೂ ಅವನ ಮೇಜಿನ ಡ್ರಾಯರನ್ನು ಯಾರೂ ಎಳೆದಿರಲಿಲ್ಲವಂತೆ. ಇದನ್ನು ಕೇಳಿ ತುತ್ತೂರಿ ಎದೆ ಬಡಿದುಕೊಂಡಿದ್ದಳು.

"ಅಯ್ಯೋ ಪಾಪ! ಅಷ್ಟು ದ್ವೇಷಾನಾ ಆ ಮನುಷ್ಯನ ಮೇಲೆ?"

"ದ್ವೇಷ ಅಲ್ಲ ದೊಡ್ಡತ್ತೆ, ಮರ್ಯಾದೆ" ಎಂದಿದ್ದಳು ಸೊಸೆ.

"ಏನು, ಪರದೆನಾ?"

"ಮರ್ಯಾದೆ ಕಣಕ್ಕಾ, ಮರ್ಯಾದೆ!" ಎಂದು ಬಡಗಿ ಕೂಗಿದ್ದಕ್ಕೆ ಎದುರು ಮನೆಯವರು ಕಿಟಕಿ ಮುಚ್ಚಿಕೊಂಡಿದ್ದರು.

ಬಡಗಿಗೆ ಸೊಸೆಯ ಮೇಲೆ ಜೀವ. ಅದಕ್ಕೆ ಕಾರಣವೂ ಇತ್ತು. ಬಡಗಿ ದೊಡ್ಡ ಬುರುಡೆದಾಸ. ಅವನ ಬುರುಡೆಗಳನ್ನು ಕೇಳಿ ಕೇಳಿ ಮನೆಯವರಿಗೆ ಕಿವಿ ಜಡ್ಡುಗಟ್ಟಿತ್ತು. ತಾನು ಒಮ್ಮೆ ಒಬ್ಬ ಶ್ರೀಮಂತನಿಗೆ ಮಾಡಿಕೊಟ್ಟ ಬಾಗಿಲು ಎಷ್ಟು ಎತ್ತರ ಇತ್ತೆಂದರೆ, ಮೇಲಿನ ಕೀಲಿಗೆ ಎಣ್ಣೆ ಬಿಡಲು ಹೋದವನು ಇಳಿದು ಬರುವಷ್ಟರಲ್ಲಿ ಅವನ ಹೆಂಡತಿ ಎರಡು ಹೆತ್ತಿದ್ದಳು ಎನ್ನುತ್ತಿದ್ದ. ಹೆಂಡತಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಸೊಸೆ ಮಾತ್ರ ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟು, ಹುಬ್ಬು ಗಂಟಿಕ್ಕಿ, "ಅಂದ್ರೆ ಎಷ್ಟು ಅಡಿ ಮಾವಾ?" ಎಂದು ಕೇಳುತ್ತಿದ್ದಳು. ನಲವತ್ತು ವರ್ಷದಲ್ಲಿ ಅವನ ಬುರುಡೆಗೆ ಅಳತೆ ಕೇಳಿದವಳು ಅವಳೊಬ್ಬಳೇ. ಬಡಗಿ ಅಷ್ಟಕ್ಕೇ ಮಾರುಹೋಗಿದ್ದ.

ಆದರೆ ಸೊಸೆ ದಿನದಿನಕ್ಕೆ ಬಾಡುತ್ತ ಬಂದಳು. ಅವಳು ಕೆಲಸಕ್ಕೆ ಕೂತಾಗಲೇ ಅತ್ತೆ ಬಾಗಿಲು ತಳ್ಳಿ ಬಂದು ಬಟ್ಟೆ ಹುಡುಕುತ್ತಿದ್ದಳು. ಅವಳು ಸೀರೆ ಬದಲಿಸುವಾಗ ತುತ್ತೂರಿ ಬಂದು ಮಂಚದ ಮೇಲೆ ಕೂತು ತನ್ನ ಮಂಡಿನೋವಿನ ಕಥೆ ಶುರುಮಾಡುತ್ತಿದ್ದಳು. ಒಂದು ದಿನ ತುತ್ತೂರಿ ಬಾಗಿಲು ದೂಡಿದ ರಭಸಕ್ಕೆ ಒಂದು ಸ್ಪ್ರಿಂಗು ಹಾರಿಹೋಯಿತು. ಮೂರು ದಿನ ಮನೆಯವರೆಲ್ಲ ನೆಲಕ್ಕೆ ಮೂಗು ತಾಗಿಸಿ ಹುಡುಕಿದರು. ನಾಲ್ಕನೇ ದಿನ ಅದು ತುತ್ತೂರಿಯ ತುರುಬಿನಲ್ಲಿ ಸಿಕ್ಕಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆಯೂ ನಕ್ಕಳು, ನಗುತ್ತಲೇ ಮುಖ ತಿರುಗಿಸಿ ಅತ್ತಳು.

ಆ ವಾರ ಮಗ ಲಾರಿ ನಿಲ್ಲಿಸಿ ಬಂದವನೇ ಕೆಳಗೆ ಕಾರ್ಖಾನೆಯಲ್ಲಿ ಅಪ್ಪನ ಎದುರು ನಿಂತ.

"ಅಪ್ಪಾ, ಅವಳಿಗೆ ಇಲ್ಲಿ ಉಸಿರು ಕಟ್ತಾ ಇದೆ. ಹೀಗೇ ಆದ್ರೆ ನಾವು ಬೇರೆ ಮನೆ ಮಾಡ್ಕೋತೀವಿ."

ಬಡಗಿಯ ಕೈಯಲ್ಲಿದ್ದ ಉಜ್ಜುಗೊರಡು ಹಲಗೆಯ ನಡುವೆಯೇ ನಿಂತಿತು. ಬೇರೆ ಮನೆ! ಮೂರು ತಲೆಮಾರಿನಲ್ಲಿ ಈ ಮನೆಯಿಂದ ಹೆಣ ಬಿಟ್ಟು ಇನ್ನೇನೂ ಬೇರೆ ಹೋಗಿರಲಿಲ್ಲ.

ಅವನು ಮೇಲೆ ಹೋಗಿ ಸೊಸೆಯ ಎದುರು ಕೂತ. "ಏನು ಬೇಕು ಮಗಳೇ, ಬಾಯಿಬಿಟ್ಟು ಹೇಳು."

ಸೊಸೆ ಕೈಯಲ್ಲಿದ್ದ ಚಿಮುಟ ಕೆಳಗಿಟ್ಟಳು. "ಒಂದು ಚಿಲಕ ಹಾಕಿಕೊಡ್ತೀರಾ ಮಾವಾ?"

ಅಷ್ಟೇ ಸಾಕಾಯಿತು. ಹೆಂಡತಿ ಮನೆ ಪಾಲಾಯಿತೆಂಬಂತೆ ಸೆರಗು ಬಾಯಿಗೆ ತುರುಕಿಕೊಂಡಳು. ತುತ್ತೂರಿಗೆ ಮೂರು ಸಲ ಕೂಗಿ ಹೇಳಬೇಕಾಯಿತು, ಕೇಳಿಸಿದ ಮೇಲೆ ಆಕೆ ಹೊರಡಿಸಿದ ದನಿಗೆ ಕಾರ್ಖಾನೆಯಲ್ಲಿ ಗೋಡೆಗೆ ಒರಗಿಸಿದ್ದ ಎರಡು ಬಾಗಿಲು ತಾವಾಗಿಯೇ ಬಿದ್ದವು.

"ಚಿಲಕಾನಾ? ಒಳಗೆ ಕೂತ್ಕೊಂಡು ಏನು ನೋಟು ಪ್ರಿಂಟ್ ಮಾಡ್ತಾಳಂತಾ? ನಮ್ಮನ್ನೇನು ಕಳ್ಳರು ಅಂದ್ಕೊಂಡ್ಲಾ?"

"ಅಕ್ಕಾ, ಬಾಯಿ ಮುಚ್ಚು" ಎಂದ ಬಡಗಿ. ಹುಟ್ಟಿದಂದಿನಿಂದ ಅಕ್ಕನಿಗೆ ಆ ಮಾತು ಹೇಳಿದವನಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋಗಿ ಇದ್ದುದರಲ್ಲೇ ಒಳ್ಳೆಯ ಹಿತ್ತಾಳೆ ಚಿಲಕ ತಂದ. ಉಳಿಯಲ್ಲಿ ಚೌಕಟ್ಟನ್ನು ಅಕ್ಕಿಕಾಳಿನಷ್ಟೇ ಕೆತ್ತಿ, ಸ್ಕ್ರೂಗಳ ತಲೆ ಎಲ್ಲಾ ಒಂದೇ ದಿಕ್ಕಿಗೆ ನಿಲ್ಲುವಂತೆ ತಿರುಗಿಸಿ, ಎಣ್ಣೆ ಹಾಕಿ ಕೂರಿಸಿದ. ಬೆರಳ ತುದಿಯಲ್ಲಿ ನೂಕಿದರೆ ಬೆಣ್ಣೆಯ ಹಾಗೆ ಸರಿಯುತ್ತಿತ್ತು. ಸೊಸೆ ಎರಡು ಸಲ ಹಾಕಿ ತೆಗೆದು ನೋಡಿ, ಅವನ ಕೈ ಹಿಡಿದುಕೊಂಡಳು.

ಆಮೇಲೆ ಶುರುವಾಯಿತು ನೋಡಿ ಬಡಗಿಯ ದಂಡಿನ ಕವಾಯತು. ಕಾರ್ಖಾನೆಯಲ್ಲಿ ಅರ್ಧ ಮುಗಿದ ಬಾಗಿಲೊಂದನ್ನು ನಿಲ್ಲಿಸಿ, ಹೆಂಡತಿಯನ್ನೂ ಅಕ್ಕನನ್ನೂ ಅದರ ಮುಂದೆ ಸಾಲಾಗಿ ನಿಲ್ಲಿಸಿದ.

"ಎರಡೇ ಸಲ ತಟ್ಟೋದು. ಆಮೇಲೆ ಮನಸ್ಸಲ್ಲೇ ಹತ್ತು ಎಣಿಸೋದು. ಉತ್ತರ ಬಂತಾ, ಒಳಗೆ. ಬರ್ಲಿಲ್ವಾ, ಸುಮ್ಮನೆ ವಾಪಸ್. ತಳ್ಳೋ ಹಾಗಿಲ್ಲ, ಇಣುಕೋ ಹಾಗಿಲ್ಲ, ಕೂಗೋ ಹಾಗಂತೂ ಇಲ್ವೇ ಇಲ್ಲ. ಅಕ್ಕಾ, ಕೇಳಿಸ್ತಾ?"

"ಕೇಳಿಸ್ತು ಕಣೋ. ನನ್ನ ಮನೆಯಲ್ಲಿ ನಾನೇ ಭಿಕ್ಷುಕಿ ಥರ ನಿಂತ್ಕೋಬೇಕು ಅಂತ ತಾನೇ?"

"ಹತ್ತು ಎಣಿಸು."

ತುತ್ತೂರಿ ಗೋಡೆ ನಡುಗುವಂತೆ ಒಂದು ಎರಡು ಎಂದು ಎಣಿಸಿದಳು. ಮನಸ್ಸಲ್ಲಿ ಎಣಿಸುವುದು ಕಲಿಯಲು ಆಕೆಗೆ ಒಂದು ತಿಂಗಳು ಹಿಡಿಯಿತು. ಬಡಗಿಯೇ ಏನು ಕಡಿಮೆ? ಮೊದಲ ದಿನ ಅವನು ತಟ್ಟಿದ ಏಟಿಗೆ ಸೊಸೆ ಭೂಕಂಪವೆಂದು ಹೊರಗೆ ಓಡಿ ಬಂದಿದ್ದಳು. ಮರದ ಕೊಡತಿ ಹಿಡಿದ ಕೈ ಅದು, ಮೆಲ್ಲಗೆ ತಟ್ಟುವುದು ಎಂದರೇನೆಂದು ಅದಕ್ಕೆ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಒಬ್ಬನೇ ಇದ್ದಾಗ ತಾನು ಮಾಡಿದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಹತ್ತು ಎಣಿಸಿ, ಹಿಂದೆ ಸರಿದು ಅಭ್ಯಾಸ ಮಾಡಿದ. ಬಾಗಿಲು ಕೊಳ್ಳಲು ಬಂದವನೊಬ್ಬ ಅದನ್ನು ನೋಡಿ, ಬಡಗಿಗೆ ತಲೆ ಕೆಟ್ಟಿದೆ ಎಂದು ಬೇರೆ ಕಡೆ ಹೋದ. ಹೋದರೆ ಹೋಗಲಿ. ಸೊಸೆಯ ಕೆನ್ನೆಗೆ ಬಣ್ಣ ಬಂದಿತ್ತು. ಮಗ ಬೇರೆ ಮನೆಯ ಮಾತು ಬಿಟ್ಟಿದ್ದ. ವರ್ಷ ತಿರುಗುವಷ್ಟರಲ್ಲಿ ಅವಳು ಬಸುರಿಯೂ ಆದಳು.

ಅವಳಿಗೆ ಐದನೇ ತಿಂಗಳಿದ್ದಾಗ ಅತ್ತೆಗೆ ಜ್ವರ ಬಂತು. ಮೂರು ದಿನ ಆಕೆಯ ಮಂಚದ ಸುತ್ತ ಜನವೋ ಜನ. ತುತ್ತೂರಿ ಕಾಲು ಒತ್ತುತ್ತಿದ್ದಳು, ಬಡಗಿ ಹಣೆಗೆ ಬಟ್ಟೆ ಹಾಕುತ್ತಿದ್ದ, ಬೀದಿಯ ಹೆಂಗಸರು ಬಂದು ಬಗ್ಗಿ ಬಗ್ಗಿ ನೋಡಿ ಒಬ್ಬೊಬ್ಬರು ಒಂದೊಂದು ಔಷಧಿ ಹೇಳಿ ಹೋಗುತ್ತಿದ್ದರು. ಸೊಸೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

"ನಮ್ಮಲ್ಲಿ ಜ್ವರ ಬಂದ್ರೆ ಬಾಗಿಲು ಮುಚ್ಚಿ ಬಿಟ್ಟುಬಿಡ್ತಾರೆ ಮಾವಾ. ನಿದ್ದೆ ಕೆಡಬಾರದು ಅಂತ" ಎಂದಳು.

"ಇಲ್ಲಿ ನಿದ್ದೆ ಮಾಡೋಕೆ ಬಿಡಲ್ಲಮ್ಮಾ. ಕಾಯಿಲೆಯೇ ಬೇಸತ್ತು ಹೋಗಬೇಕು, ಹಾಗೆ ಮುತ್ತಿಗೆ ಹಾಕ್ತೀವಿ."

ಅವಳು ನಕ್ಕಳು. ಏನೋ ಹೇಳಲು ಹೊರಟು ಸುಮ್ಮನಾದಳು. ಬಡಗಿಗೆ ಅದು ಆಮೇಲೆ ನೆನಪಾಯಿತು. ಆಗ ಅವನು ಮುಂದಿನ ಬುರುಡೆಗೆ ಹೊಂಚು ಹಾಕುತ್ತಿದ್ದ.

ಏಳನೇ ತಿಂಗಳು ತುಂಬಿದ ಒಂದು ದಿನ ತುತ್ತೂರಿಯ ಕಿವಿ ತೋರಿಸಲು ಅವಳೂ ಬಡಗಿಯ ಹೆಂಡತಿಯೂ ಬೆಳಿಗ್ಗೆಯೇ ಆಸ್ಪತ್ರೆಗೆ ಹೊರಟರು. ಮಗ ದಾರಿಯಲ್ಲಿ. ಮನೆಯಲ್ಲಿ ಬಡಗಿ, ಸೊಸೆ, ಇಬ್ಬರೇ.

"ಮಧ್ಯಾಹ್ನ ಅವಳನ್ನ ಊಟಕ್ಕೆ ಎಬ್ಬಿಸಿ" ಎಂದಳು ಹೆಂಡತಿ. "ಮತ್ತೆ, ಬಾಗಿಲು ಒಡೀಬೇಡಿ."

"ನನಗೇ ಪಾಠ ಹೇಳ್ತೀಯಾ? ಆ ಬಾಗಿಲಿಗೆ ನನ್ನ ಬೆರಳು ಗೊತ್ತು, ನನ್ನ ಬೆರಳಿಗೆ ಆ ಬಾಗಿಲು ಗೊತ್ತು."

ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು ಎರಡು ಸಲ ತಟ್ಟಿದ. ಎಷ್ಟು ಮೆಲ್ಲಗೆ ತಟ್ಟಿದನೆಂದರೆ ಬಾಗಿಲ ಮೇಲೆ ಕೂತಿದ್ದ ನೊಣವೂ ಏಳಲಿಲ್ಲ. ಹತ್ತು ಎಣಿಸಿದ. ಒಳಗೆ ಸದ್ದಿಲ್ಲ. ಪಾಪ, ಮಲಗಿದ್ದಾಳೆ, ಎರಡು ಜೀವದ ನಿದ್ದೆ ಎಂದುಕೊಂಡು ಇಳಿದುಹೋದ. ತಾನೂ ಉಣ್ಣಲಿಲ್ಲ, ಅವಳು ಎದ್ದ ಮೇಲೆ ಜೊತೆಗೇ ಕೂತರಾಯಿತು ಎಂದು.

ಒಂದು ಗಂಟೆ ಬಿಟ್ಟು ಮತ್ತೆ ಬಂದ. ತಟ್ಟಿದ. ನಾಲ್ಕು, ಐದು ಎಂದು ಎಣಿಸುವಾಗ ಒಳಗೆ ಟಿಣ್ ಎಂದು ಏನೋ ಲೋಹದ ಚೂರು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಬಡಗಿ ನಾಲಿಗೆ ಕಚ್ಚಿಕೊಂಡ. ಛೆ, ಕೆಲಸಕ್ಕೆ ಕೂತಿದ್ದಾಳೆ, ನಾನು ತಟ್ಟಿದ್ದಕ್ಕೆ ಸ್ಪ್ರಿಂಗು ಹಾರಿಸಿಬಿಟ್ಟೆ! ತಾನು ಇನ್ನೊಬ್ಬ ತುತ್ತೂರಿಯಾದೆನಲ್ಲ ಎಂದು ನಾಚಿ, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಕಳ್ಳನಂತೆ ತುದಿಗಾಲಲ್ಲಿ ಮೆಟ್ಟಿಲಿಳಿದ. ಕೆಳಗೆ ಹೋಗಿ ಉಜ್ಜುಗೊರಡನ್ನೂ ಮುಟ್ಟಲಿಲ್ಲ, ಸದ್ದಾಗಬಾರದೆಂದು. ಅಷ್ಟು ಹೊತ್ತು ಆ ಮನುಷ್ಯ ಸುಮ್ಮನೆ ಕೂತದ್ದನ್ನು ಆ ಬೀದಿ ಅದಕ್ಕೆ ಮುಂಚೆ ಕಂಡಿರಲಿಲ್ಲ.

ನಾಲ್ಕು ಗಂಟೆಗೆ ಹಾಲು ಬಿಸಿ ಮಾಡಿ ಲೋಟದಲ್ಲಿ ತಂದ. ತಟ್ಟಿದ. ಹತ್ತು ಎಣಿಸಿದ. ತನ್ನ ಲೆಕ್ಕದಿಂದ ಇನ್ನೂ ಹತ್ತು ಸೇರಿಸಿ ಎಣಿಸಿದ. ಕೂಗಲೇ ಎಂದು ಬಾಯಿ ತೆರೆದವನು ಮುಚ್ಚಿಕೊಂಡ. ಲೋಟವನ್ನು ಹೊಸ್ತಿಲ ಬಳಿ ಇಟ್ಟು, ಮೇಲೊಂದು ತಟ್ಟೆ ಮುಚ್ಚಿ ಹೋದ. ಮಗಳೇ ಎಂದು ಕರೆದಿದ್ದರೆ ಬೇರೆ ಮಾತು. ಹಾಗೆಯೂ ಅವನು ಕರೆಯಲಿಲ್ಲ.

ಐದಕ್ಕೆ ಹೆಂಗಸರು ಬಂದರು. ತುತ್ತೂರಿ ಬಂದವಳೇ ಬಾಗಿಲ ಬಳಿ ಲೋಟ ನೋಡಿ ತಟ್ಟೆ ಎತ್ತಿದಳು. ಹಾಲಿನ ಮೇಲೆ ದಪ್ಪ ಕೆನೆ ಕಟ್ಟಿತ್ತು.

"ಬೆಳಿಗ್ಗೆಯಿಂದ ಹೊರಗೆ ಬಂದಿಲ್ವಾ?"

"ಮಲಗಿದ್ದಾಳೆ. ಮೂರು ಸಲ ತಟ್ಟಿದೆ."

"ಊಟ?"

"ಇಲ್ಲ. ಅಕ್ಕಾ, ತಳ್ಳಬೇಡ. ಚಿಲಕ ಹಾಕಿರ್ತಾಳೆ."

"ನಿನ್ನ ಎಣಿಕೆಗಿಷ್ಟು ಬೆಂಕಿ ಹಾಕ" ಎಂದು ತುತ್ತೂರಿ ಭುಜ ಕೊಟ್ಟು ದೂಡಿದಳು. ಚಿಲಕ ಮುರಿಯುವಷ್ಟು ಜೋರಾಗಿ ದೂಡಿದ್ದರಿಂದ ಮುಗ್ಗರಿಸಿ ಒಳಗೆ ಹೋಗಿ ಬಿದ್ದಳು. ಬಾಗಿಲಿಗೆ ಚಿಲಕವೇ ಹಾಕಿರಲಿಲ್ಲ.

ಸೊಸೆ ಮೇಜಿನ ಪಕ್ಕ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಸೀರೆ, ಚಾಪೆ, ಚಾಪೆಯ ಆಚೆ ನೆಲ, ಎಲ್ಲಾ ಒದ್ದೆ, ಎಲ್ಲಾ ಕೆಂಪು. ಕೈಯ ಹತ್ತಿರ ಚಿಮುಟ ಬಿದ್ದಿತ್ತು. ಕಣ್ಣುಗಳು ಅರ್ಧ ತೆರೆದಿದ್ದವು, ಬಾಗಿಲ ಕಡೆಗೇ.

ಬಡಗಿ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಆ ಸಂಜೆ ತುತ್ತೂರಿ ಬೀದಿಯಲ್ಲಿ ನಿಂತು ಗಾಡಿಗಾಗಿ ಕೂಗಿದ್ದು ನಾಲ್ಕು ಬೀದಿಗೆ ಕೇಳಿಸಿತು. ಇದು ಬುರುಡೆಯಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ತಾಯಿ ಉಳೀತಾಳೆ ಎಂದಳು. ಮಗು ಗಂಡಾಗಿತ್ತು ಎಂದಳು. ಆಗಿತ್ತು ಎಂಬ ಮಾತು ಬಡಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಮಧ್ಯಾಹ್ನವೇ ಕರ್ಕೊಂಡು ಬಂದಿದ್ರೆ?" ಎಂದು ಹೆಂಡತಿ ಕೇಳಿದಳು.

ಡಾಕ್ಟರಮ್ಮ ಬಡಗಿಯ ಮುಖ ನೋಡಿ, "ಅದೆಲ್ಲ ಹೇಳೋಕಾಗಲ್ಲಮ್ಮಾ" ಎಂದಳು. ಹೇಳಬಾರದೆಂದೇ ಹೇಳಲಿಲ್ಲ ಎಂದು ಅವನಿಗೆ ತಿಳಿಯಿತು.

ಮೂರನೇ ದಿನ ಸೊಸೆಗೆ ಮಾತಾಡುವಷ್ಟು ಶಕ್ತಿ ಬಂತು. ಬಡಗಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ಅವಳು ಚಾವಣಿ ನೋಡುತ್ತಲೇ ಹೇಳಿದಳು.

"ನೀವು ತಟ್ಟಿದ್ದು ಕೇಳಿಸ್ತು ಮಾವಾ."

ಬಡಗಿ ಬಗ್ಗಿ ಕಿವಿಯನ್ನು ಅವಳ ಹತ್ತಿರಕ್ಕೆ ತಂದ.

"ಮೂರು ಸಲಾನೂ ಕೇಳಿಸ್ತು. ಕೂಗೋಕೆ ಆಗ್ಲಿಲ್ಲ. ಚಿಮುಟ ಮೇಜಿನ ಮೇಲಿತ್ತು, ಹೆಂಗೋ ಎಳೆದು ಕೆಳಗೆ ಹಾಕ್ದೆ. ಈಗ ಬರ್ತೀರಿ ಅಂದ್ಕೊಂಡೆ. ನೀವು ಮೆಲ್ಲಗೆ ಹೋದ್ರಿ."

"ಚಿಲಕ..." ಎಂದ ಬಡಗಿ.

"ಅತ್ತೆಗೆ ಜ್ವರ ಬಂದಾಗಿನಿಂದ ಹಾಕೋದು ಬಿಟ್ಟಿದ್ದೆ. ನಂಗೆ ಯಾರಾದ್ರೂ ಹಾಗೆ ಸುಮ್ನೆ ತಳ್ಕೊಂಡು ಬರ್ಲಿ ಅನ್ನಿಸ್ತಿತ್ತು. ಹೇಳೋಕೆ ನಾಚಿಕೆ ಆಯ್ತು. ಯಾರಾದ್ರೂ ಒಂದಿನ ತಳ್ತಾರೆ, ಆಗ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಎರಡು ತಿಂಗಳು ಯಾರೂ ತಳ್ಳಲೇ ಇಲ್ಲ."

ಅವಳ ತಾಯಿ ಗಡಿಯಾಚೆಯಿಂದ ಬಂದಳು. ಬೂದು ಕೂದಲಿನ, ನೆಟ್ಟಗೆ ನಿಲ್ಲುವ ಹೆಂಗಸು. ವಾರ್ಡಿನ ತೆರೆದ ಬಾಗಿಲನ್ನೂ ಎರಡು ಸಲ ತಟ್ಟಿ ಕಾದಳು. ಎಲ್ಲಾ ಕೇಳಿದ ಮೇಲೆ, ಅಲ್ಪಸ್ವಲ್ಪ ಕಲಿತ ಮಾತಿನಲ್ಲಿ ಬಡಗಿಗೆ ಹೇಳಿದಳು: "ನಿಮ್ಮ ತಪ್ಪು ಇಲ್ಲ. ನಾನು ಇದ್ದರೂ ಹಾಗೇ ಹೋಗುತ್ತಿದ್ದೆ."

ಸಮಾಧಾನಕ್ಕೆಂದು ಹೇಳಿದ್ದಳು. ಬಡಗಿ ಕೈ ಮುಗಿದು ಹೊರಗೆ ಹೋಗಿ ಆಸ್ಪತ್ರೆಯ ಗೋಡೆಗೆ ಹಣೆ ಹಚ್ಚಿ ನಿಂತ. ತಾನು ಹಿಂದಿನವನೇ ಆಗಿದ್ದರೆ, ಆ ಬುರುಡೆದಾಸ ಬಡಗಿ, ಬಾಗಿಲು ತಳ್ಳುವವನು, ಮೊಮ್ಮಗ ಉಳಿಯುತ್ತಿದ್ದ.

ಸೊಸೆ ಮನೆಗೆ ಬರುವ ಮುಂಚೆ ಅವನು ಚಿಲಕ ಬಿಚ್ಚಿ ತೆಗೆದ. ನೆಲ ತಿಕ್ಕಿಯಾಗಿತ್ತು, ಚಾಪೆ ಸುಟ್ಟಾಗಿತ್ತು. ಚೌಕಟ್ಟಿನಲ್ಲಿ ಸ್ಕ್ರೂ ತೂತುಗಳು ಮಾತ್ರ ಉಳಿದವು. ಅವಳು ಬಂದ ದಿನ ಮನೆಯವರೆಲ್ಲ ಅವಳ ಸುತ್ತ ಮುತ್ತಿದರು. ಅತ್ತೆ ತಲೆ ನೇವರಿಸಿದಳು, ತುತ್ತೂರಿ ಕಾಲು ಒತ್ತಿದಳು, ಬೀದಿಯ ಹೆಂಗಸರು ಬಂದು ಬಗ್ಗಿ ಬಗ್ಗಿ ನೋಡಿದರು. ಬಾಗಿಲು ದಿನವಿಡೀ ತೆರೆದೇ ಇತ್ತು. ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಗ ಒಂದು ವಾರ ಲಾರಿ ಹತ್ತಲಿಲ್ಲ, ಅಪ್ಪನ ಮುಖವನ್ನೂ ನೋಡಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಅವಳು ತಾನಾಗಿಯೇ ಮೆಟ್ಟಿಲಿಳಿದು ಕಾರ್ಖಾನೆಗೆ ಬಂದಳು. ಬಡಗಿ ಎದ್ದು ನಿಂತ.

"ಮಾವಾ, ಚಿಲಕ ಮತ್ತೆ ಹಾಕಿಕೊಡಿ."

"ಮಗಳೇ..."

"ಹಾಕಿಕೊಡಿ ಮಾವಾ."

ಹಳೆಯ ತೂತುಗಳು ಸಡಿಲವಾಗಿದ್ದವು. ಬಡಗಿ ಕಡ್ಡಿ ಚೂರುಗಳಿಗೆ ಅಂಟು ಹಚ್ಚಿ ಅವುಗಳಲ್ಲಿ ತುರುಕಿ, ಒಣಗಲು ಬಿಟ್ಟು, ಅದೇ ಚಿಲಕವನ್ನು ಅದೇ ಜಾಗಕ್ಕೆ ಕೂರಿಸಿದ. ಸ್ಕ್ರೂಗಳ ತಲೆ ಒಂದೇ ದಿಕ್ಕಿಗೆ ನಿಂತಿತು. ಎಣ್ಣೆ ಹಾಕಿದ. ಅವಳು ಈ ಸಲ ಕೈ ಹಿಡಿಯಲಿಲ್ಲ. ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಚಿಲಕ ಸರಿದ ಸದ್ದು ಅವನಿಗೆ ಹೊರಗೆ ಸ್ಪಷ್ಟವಾಗಿ ಕೇಳಿಸಿತು, ಕೊನೆಯವರೆಗೂ.

ತುತ್ತೂರಿ ಬಾಯಿ ತೆರೆಯಲಿಲ್ಲ. ಹೆಂಡತಿ ಸೆರಗು ಬಾಯಿಗಿಡಲಿಲ್ಲ. ಇಬ್ಬರೂ ಅಡುಗೆಮನೆಗೆ ಹೋದರು. ಬಡಗಿ ಅಲ್ಲೇ ನೆಲದ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಸ್ವಲ್ಪ ಹೊತ್ತಿನ ಮೇಲೆ, ಅವನ ಬಾಯಲ್ಲಿ ಅಂಥ ಮೆಲುದನಿ ಹುಟ್ಟೀತೆಂದು ಯಾರೂ ನಂಬದಷ್ಟು ಮೆಲ್ಲಗೆ ಶುರುಮಾಡಿದ.

"ನಾನು ಒಂದ್ಸಲ ಒಬ್ಬ ಶ್ರೀಮಂತನಿಗೆ ಬಾಗಿಲು ಮಾಡಿಕೊಟ್ಟೆ ಮಗಳೇ. ಎಷ್ಟು ಎತ್ತರ ಅಂದ್ರೆ, ಮೇಲಿನ ಕೀಲಿಗೆ ಎಣ್ಣೆ ಬಿಡೋಕೆ ಹೋದವನು ಇಳಿದು ಬರೋ ಹೊತ್ತಿಗೆ..."

ಮುಂದಿನದು ಬಾಯಿಗೆ ಬರಲಿಲ್ಲ. ಹೆಂಡತಿ ಹೆತ್ತ ಮಾತು ಅದು. ಅವನು ಅಲ್ಲಿಗೇ ನಿಲ್ಲಿಸಿದ. ಅಳತೆ ಕೇಳುವ ಜಾಗವೂ ಅದೇ.

ಒಳಗಿನಿಂದ ಯಾರೂ ಎಷ್ಟು ಅಡಿ ಎಂದು ಕೇಳಲಿಲ್ಲ. ಬಡಗಿ ಮನಸ್ಸಿನಲ್ಲೇ ಎಣಿಸತೊಡಗಿದ. ಹತ್ತಾಯಿತು. ಏಳಲಿಲ್ಲ.